ಎಕ್ಕಡದ ಗಿಡದ ಮೊಗ್ಗು

ಆಗ ನಂಗೆ ಅರವತ್ತಾರು. ನಾಕು ವರ್ಷದ ಹಿಂದಿನ ಮಾತು. ದಿನ ಕಳೆದಂಗೆ ಸಿಟ್ಟು ಇಳೀತದೆ ಅಂತ ಎಲ್ಲರೂ ಅಂದರು. ಇಳೀಲಿಲ್ಲ. ಇಳಿದ ಮೇಲೆ ಬರೆಯೋಣ ಅಂತ ಕಾದೆ, ಅದು ಆಗೋ ಕೆಲಸ ಅಲ್ಲ ಅಂತ ಗೊತ್ತಾಗಿ ಈಗ ಬರೀತಾ ಇದೀನಿ. ನಾನು ಓದಿದ್ದು ಮೂರನೇ ಕ್ಲಾಸು. ಆದದ್ದನ್ನ ಆದಂಗೆ ಹೇಳ್ತೀನಿ.

ನಮ್ಮೂರು ಕಂಪಲಾಪುರದಿಂದ ಒಳಗೆ. ಹೊಗೆಸೊಪ್ಪಿನ ಸೀಮೆ. ಮಳೆಗಾಲ ಹಿಡೀತು ಅಂದ್ರೆ ಯಾರ ಮನೆಗೆ ಹೋದರೂ ಅದೇ ಮಾತು, ನಾಟಿ ಆಯ್ತಾ, ಕುಡಿ ಮುರಿದ್ರಾ, ಬ್ಯಾರನ್‌ಗೆ ಬೆಂಕಿ ಹಾಕಿದ್ರಾ. ಬ್ಯಾರನ್ ಅಂದ್ರೆ ಸೌದೆ ಉರಿಸಿ ಸೊಪ್ಪು ಒಣಗಿಸೋ ಮನೆ. ಕುಡಿ ಮುರಿಯೋದು ಏನು ಅಂತ ಗೊತ್ತಿಲ್ಲದೋರಿಗೆ ಹೇಳಿಬಿಡ್ತೀನಿ. ಹೊಗೆಸೊಪ್ಪಿನ ಗಿಡ ಎದೆಮಟ್ಟ ಬಂದಾಗ ನೆತ್ತಿಲಿ ಮೊಗ್ಗು ಕಾಣ್ತದೆ. ಅದನ್ನ ಹಂಗೇ ಬಿಟ್ಟರೆ ಗಿಡದ ಶಕ್ತಿಯೆಲ್ಲ ಹೂವಿಗೆ ಹೋಗಿ ಎಲೆ ತೆಳ್ಳಗಾಗ್ತದೆ. ನಮಗೆ ಬೇಕಾದ್ದು ಎಲೆ. ಅದಕ್ಕೆ ಮೊಗ್ಗು ಕಂಡ ತಕ್ಷಣ ಚಿಟಕ್ ಅಂತ ಮುರಿದು ಸಾಲಲ್ಲೇ ಎಸೀಬೇಕು. ಮುರಿದ ಮೇಲೆ ಗಿಡ ಸುಮ್ನಿರಲ್ಲ, ಎಲೆ ಕಂಕುಳಲ್ಲಿ ಮರಿ ಕುಡಿ ಒಡೀತದೆ. ಅದೂ ಬರಬಾರದು ಅಂತ ಒಂದು ಎಣ್ಣೆ ಬಿಡ್ತಾರೆ. ಎಣ್ಣೆ ತಗಲಿದ ಮರಿ ಕಪ್ಪಾಗಿ ಸುಟ್ಟು ಹೋಗ್ತದೆ. ನಮ್ಮನೆಯವರ ಕೈಗೆ ಇದು ಎಷ್ಟು ಅಭ್ಯಾಸ ಅಂದ್ರೆ, ಪಕ್ಕದ ಹೊಲದೋನ ಜೊತೆ ಊರ ಸುದ್ದಿ ಮಾತಾಡ್ತಾ ನಡೀತಿದ್ರೂ ಕೈ ತನ್ನ ಪಾಡಿಗೆ ಮುರೀತಾ ಹೋಗ್ತಿತ್ತು. ಕಣ್ಣು ಬೇಕಾಗಿರಲಿಲ್ಲ.

ಹೊಲದ ಕೆಲಸ ಇಲ್ಲದ ತಿಂಗಳಲ್ಲಿ ನಾನು ಕೊಡಗಿನ ಗಡಿ ದಾಟಿ ಒಂದು ಕಾಫಿ ತೋಟಕ್ಕೆ ಹೋಗ್ತಿದ್ದೆ. ಬೆಳಿಗ್ಗೆ ಜೀಪು ಬಂದು ನಮ್ಮೂರ ಹೆಂಗಸರನ್ನ ತುಂಬ್ಕೊಂಡು ಹೋಗೋದು. ಮಿಕ್ಕೋರು ಕಾಫಿ ಕುಯ್ಯೋಕೆ, ನಾನು ಬಂಗಲೆ ಕೆಲಸಕ್ಕೆ. ಅಲ್ಲಿ ಅಮ್ಮಾವ್ರು ಹಿಂದಿನ ಜಗಲಿಲಿ ಹಸಿರು ಬಲೆ ಕಟ್ಟಿಸಿ ಕುಂಡಗಳಲ್ಲಿ ಆರ್ಕಿಡ್ ಬೆಳೆಸ್ತಿದ್ರು. ಅದರಲ್ಲಿ ಒಂದು ಜಾತಿ ಚಪ್ಪಲಿ ಹೂ. ಕೆಳಗಿನ ದಳ ಹೊಟ್ಟೆ ಉಬ್ಬಿಸ್ಕೊಂಡು ಮಗುವಿನ ಚಪ್ಪಲಿ ಮೂತಿ ಥರ ಇರ್ತದೆ, ಮೇಲೊಂದು ದಳ ಕೊಡೆ ಹಿಡಿದಂಗೆ. ಅದು ಹೂ ಅಲ್ಲ, ಯಾವುದೋ ಪ್ರಾಣಿ ನಿಂತು ನಮ್ಮನ್ನೇ ನೋಡ್ತಿದೆ ಅನ್ನಂಗಿರ್ತದೆ. ಅರಳಿದ್ರೆ ತಿಂಗಳಾದ್ರೂ ಬಾಡಲ್ಲ. ಚೆಂದ ಅಂತ ಹೇಳಲ್ಲ ನಾನು. ಸೇವಂತಿಗೆ ಚೆಂದ, ಕನಕಾಂಬರ ಚೆಂದ. ಇದು ಹಂಗಲ್ಲ. ಕಸ ಗುಡಿಸ್ತಾ ಅದರ ಮುಂದೆ ಬಂದ್ರೆ ಪೊರಕೆ ನಿಂತು ಹೋಗೋದು, ಅಷ್ಟೆ.

ಅಮ್ಮಾವ್ರು ಕೈಲಾಗದೆ ಬಂಗಲೆ ಬಿಟ್ಟು ಮೈಸೂರಿಗೆ ಮಗಳ ಮನೆಗೆ ಹೊರಟಾಗ ನಂಗೊಂದು ಸಣ್ಣ ಕುಂಡ ಕೊಟ್ಟರು. ಅಂಗೈಯಲ್ಲಿ ಕೂರೋ ಅಷ್ಟು. ಮೂರು ಎಲೆ, ಎಲೆ ಮೇಲೆ ಹಾವಿನ ಮೈ ಥರ ಮಚ್ಚೆ.

"ಇದು ಎರಡು ಬೇರೆ ಬೇರೆ ಹೂ ಕೂಡಿಸಿ, ಬೀಜದಿಂದ ಎಬ್ಬಿಸಿದ ಸಸಿ ಕಣಮ್ಮ," ಅಂದರು. "ಯಾವ ಬಣ್ಣ ಬಿಡುತ್ತೋ ನನಗೂ ಗೊತ್ತಿಲ್ಲ. ಇದರ ಹೂ ಪ್ರಪಂಚದಲ್ಲಿ ಇನ್ನೂ ಯಾರೂ ನೋಡಿಲ್ಲ. ಐದಾರು ವರ್ಷ ಆಗುತ್ತೆ. ಕಾಯ್ತೀಯಾ?"

"ಕಾಯ್ತೀನಿ ಬುಡಿ ಅಮ್ಮಾವ್ರೆ. ನಂಗಿನ್ನೇನು ಕೆಲ್ಸ."

"ಹೊಗೆಸೊಪ್ಪು ಮುಟ್ಟಿದ ಕೈಲಿ ಮುಟ್ಟಬೇಡ. ಅದರ ರೋಗ ಇದಕ್ಕೂ ತಗಲುತ್ತೆ."

ಯಾರೂ ನೋಡಿಲ್ಲ ಅನ್ನೋ ಮಾತು ನನ್ನ ತಲೇಲಿ ಕೂತ್ಕಂಡುಬಿಡ್ತು. ಹುಟ್ಟಿದಾಗಿಂದ ನನ್ನ ಕೈಗೆ ಬಂದದ್ದೆಲ್ಲ ಇನ್ನೊಬ್ಬರು ಉಟ್ಟು, ಉಂಡು, ಬಳಸಿ ಬಿಟ್ಟದ್ದೇ. ಲಂಗ ಅಕ್ಕಂದು, ಪಾತ್ರೆ ಅತ್ತೇದು, ಮದುವೆ ಸೀರೆ ಕೂಡ ಚಿಕ್ಕಮ್ಮನ ಪೆಟ್ಟಿಗೇಲಿ ಇದ್ದದ್ದು. ಇದೊಂದನ್ನ ಎಲ್ಲರಿಗಿಂತ ಮೊದಲು ನಾನು ನೋಡಬೇಕು ಅನ್ನಿಸ್ತು. ಆಸೆ ಅಷ್ಟೇ. ದೇವರ ಹತ್ರ ಕೂಡ ಕೇಳ್ಕಳಲಿಲ್ಲ, ಕಾದರೆ ಸಿಕ್ಕೋ ಅಂಥದ್ದು ಅಂತ.

ಇದರಷ್ಟು ನಿಧಾನದ ಗಿಡ ನಾನು ಕಂಡಿಲ್ಲ. ವರ್ಷಕ್ಕೆ ಒಂದೆಲೆ, ಮನಸ್ಸು ಬಂದರೆ ಇನ್ನೊಂದು. ಮಣ್ಣು ಆಗಲ್ಲ ಅದಕ್ಕೆ. ಬ್ಯಾರನ್ ಸೌದೇಲಿ ತೊಗಟೆ ಕಿತ್ತು ಚೂರು ಮಾಡಿ, ಇದ್ದಿಲು, ಇಟ್ಟಿಗೆ ಚೂರು ಸೇರಿಸಿ ತುಂಬ್ತಿದ್ದೆ. ಮಳೆ ನೀರು ಹಿಡಿದಿಟ್ಟು ಬೆಳಿಗ್ಗೆ ಹೊತ್ತು ಹಾಕ್ತಿದ್ದೆ, ಎಲೆ ಸಂದೀಲಿ ನೀರು ನಿಂತರೆ ಬಟ್ಟೆ ತುದಿಲಿ ಹೀರ್ತಿದ್ದೆ, ನಿಂತ್ರೆ ಕೊಳೀತದೆ. ಹೊಲದಿಂದ ಬಂದ ಕೈಲಿ ಹೊಗೆಸೊಪ್ಪಿನ ಅಂಟು ಕರ್ರಗೆ ಮೆತ್ತಿರ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿ, ಸೋಪು ಹಾಕಿ ತಿಕ್ಕಿ, ಆಮೇಲೆ ಕುಂಡದ ಹತ್ರ ಹೋಗ್ತಿದ್ದೆ. ಕುಂಡ ಜಗಲಿ ಮೂಲೇಲಿ, ನೇರ ಬಿಸಿಲು ಬೀಳದ ಕಡೆ ಇತ್ತು.

ಮನೆ ಒಂದೇ, ಮಧ್ಯ ಗೋಡೆ ಹಾಕಿ ಆ ಕಡೆ ಭಾಗದಲ್ಲಿ ಮೈದ, ವಾರಗಿತ್ತಿ ಇದ್ದರು. ವಾರಗಿತ್ತಿ ಬಾಯಿ ಸುಮ್ನಿರೋದಲ್ಲ. ಚಪ್ಪಲಿ ಹೂ ಅಂತ ನಾನು ಹೇಳಿದ ದಿನದಿಂದ ಅವಳಿಗೆ ಅದು ಎಕ್ಕಡದ ಗಿಡ.

"ಅಕ್ಕ, ನಿನ್ ಎಕ್ಕಡದ ಗಿಡ ಹೂ ಬುಟ್ರೆ ತಲೇಗ್ ಮುಡೀತೀಯೋ ಕಾಲೀಗ್ ಆಕ್ಕಂತೀಯೋ?"

"ನಿನ್ ಬಾಯೀಗ್ ಆಕ್ತೀನಿ ಕಣೆ."

"ಅಷ್ಟೊತ್ಗೆ ನನ್ ಬಾಯಲ್ ಹಲ್ಲೇ ಇರಕಿಲ್ಲ ಬುಡು."

ನಗಾಡ್ಕೊಂಡೇ ಹೇಳೋಳು. ಅವಳ ಮೇಲೆ ನಂಗೆ ಸಿಟ್ಟಿಲ್ಲ. ನಮ್ಮನೆಯವರು ಮೊದಲನೇ ವರ್ಷವೇ ಒಂದು ಸಲ ಆ ಗಿಡ ಕಿತ್ತು ಹಾಕೋಕೆ ಬಂದಿದ್ರು. ಎಲೆ ಮೇಲಿನ ಮಚ್ಚೆ ನೋಡಿ, ರೋಗ ಹತ್ತಿದೆ, ನಮ್ಮ ಸಸಿಮಡಿಗೂ ಹರಡ್ತದೆ ಅಂತ. ಹೊಗೆಸೊಪ್ಪಿಗೆ ಅಂಥ ಮಚ್ಚೆ ಬಂದರೆ ಕಿತ್ತು ಸುಡಬೇಕು, ನಿಜ. ಇದರ ಬಣ್ಣವೇ ಹಂಗೆ, ಹುಟ್ಟಿದ್ದೇ ಹಂಗೆ ಅಂತ ಒಪ್ಪಿಸೋಕೆ ನಂಗೆ ಒಂದು ವಾರ ಹಿಡೀತು. ಆಮೇಲೆ ಅವರಿಗೂ ಅಭ್ಯಾಸ ಆಯ್ತು. ಜಗಲಿಲಿ ಮುಖ ತೊಳೆದು ನಿಂತಾಗ ಗಿಡದ ಕಡೆ ನೋಡಿ, "ಎಲೆ ಚೆನ್ನಾಗ್ ಬತ್ತಾವೆ ಕಣೆ," ಅನ್ನೋರು. ನಾನು ಊಂ ಅಂತಿದ್ದೆ. ಆ ಮಾತನ್ನ ನಾನು ಸರಿಯಾಗಿ ಕೇಳಿಸ್ಕೊಳ್ಳಬೇಕಿತ್ತು.

ಆರನೇ ವರ್ಷ, ಆಷಾಢದ ಗಾಳಿ ಶುರುವಾದಾಗ, ನಡು ಎಲೆ ಸಂದೀಲಿ ಏನೋ ಹಸುರು ಮೂತಿ ಕಂಡಿತು. ಎಲೆ ಅಂದ್ಕೊಂಡೆ. ಎಲೆ ಚಪ್ಪಟೆ ಇರ್ತದೆ, ಇದು ಕೊಳವೆ ಥರ ದುಂಡಗಿತ್ತು. ನಾಕು ದಿನಕ್ಕೆ ದಂಟು ಎದ್ದಿತು, ಕೂದಲು ಇದ್ದಂಗೆ ನಯವಾದ ತುಪ್ಪುಳ ದಂಟಿನ ಮೇಲೆ. ತುದೀಲಿ ಮೊಗ್ಗು. ನಾನು ಯಾರಿಗೂ ಹೇಳಲಿಲ್ಲ. ಕಣ್ಣಾಕ್ತಾರೆ ಅಂತಲ್ಲ. ಹೇಳಿದ್ರೆ ಎಲ್ಲರೂ ಬಂದು ಬಗ್ಗಿ ನೋಡ್ತಾರೆ, ಅರಳಿದ ದಿನ ಇನ್ಯಾರೋ ಮೊದಲು ನೋಡ್ತಾರೆ ಅಂತ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಈ ಗಿಡ ಬಾಳೆ ಇದ್ದಂಗೆ. ಒಂದು ಗಿಡ ಒಂದೇ ಸಲ ಹೂ ಬಿಡೋದು, ಬಿಟ್ಟ ಮೇಲೆ ಅದರ ಕಾಲ ಮುಗೀತು. ಬುಡದಲ್ಲಿ ಮರಿ ಬಂದು, ಅದು ತಾಯಷ್ಟು ದೊಡ್ಡದಾದ ಮೇಲೆ ಅದರ ಸರದಿ. ಬಾಳೆ ಮರಿ ವರ್ಷದಲ್ಲಿ ಗೊನೆ ಹಾಕ್ತದೆ. ಇದರ ಮರಿ ಎಷ್ಟು ವರ್ಷ ತಗಳ್ತದೆ ಅಂತ ಹೇಳೋಕೆ ಅಮ್ಮಾವ್ರಿಗೂ ಬರ್ತಿರಲಿಲ್ಲ.

ಅಷ್ಟರಲ್ಲಿ ಕೆ.ಆರ್. ನಗರದಿಂದ ನಮ್ಮಕ್ಕನ ಫೋನು. ಕಣ್ಣಿಗೆ ಆಪರೇಷನ್ನು, ಒಲೆ ಮುಂದೆ ಕೂರಬೇಡಿ ಅಂದವ್ರೆ, ಬಂದು ಎಂಟು ದಿನ ಇದ್ದು ಹೋಗು ಅಂತ. ಈಗ ಆಗಲ್ಲ ಕಣಕ್ಕ, ನನ್ನ ಗಿಡ ಮೊಗ್ಗು ಬಿಟ್ಟದೆ ಅಂದೆ. ಅವಳೊಬ್ಬಳಿಗೆ ಬಾಯಿ ತಪ್ಪಿ ಹೇಳಿದ್ದು.

"ಗಿಡ ಮೊಗ್ ಬುಟ್ಟದೆ ಅಂತ ಬರಕಿಲ್ವ? ನಾ ಸತ್ರೂ ಬಾಳೆ ಗೊನೆ ಹಾಕ್ಯದೆ ಅಂತ ಕೂತ್ಕತೀಯಾ ನೀನು?"

ಹೋದೆ. ಹೋಗೋವಾಗ ನಮ್ಮನೆಯವರಿಗೆ ಕುಂಡ ತೋರಿಸಿ, ದಿನ ಬಿಟ್ಟು ದಿನ ನೀರು, ಸೌಟಲ್ಲಿ ಒಂದು ಸೌಟು, ಎಲೆ ಸಂದಿಗೆ ಬೀಳಬಾರದು, ಕೈ ತೊಳೆದು ಮುಟ್ಟಬೇಕು ಅಂತ ಹೇಳಿದೆ. "ನಿಮ್ಮ ಹೊಗೆಸೊಪ್ಪು ನೋಡ್ಕಂಡಂಗೆ ನೋಡ್ಕಳಿ," ಅಂತಲೂ ಅಂದೆ. ಅವರು ಹೊಗೆಸೊಪ್ಪನ್ನ ಮಕ್ಕಳಿಗಿಂತ ಹೆಚ್ಚಾಗಿ ನೋಡ್ಕೊಳ್ಳೋರು. ಅದಕ್ಕೆ ಅಂದೆ.

ಅಕ್ಕನ ಮನೇಲಿ ಅಕ್ಕನ ಕಣ್ಣಿಗೆ ಔಷಧಿ ಬಿಡ್ತಾ, ಅವಳ ಅಡಿಗೆ ಮಾಡ್ತಾ, ಅವಳ ದೂರು ಕೇಳ್ತಾ ದಿನ ಕಳೆದೆ. ಸಾಯಂಕಾಲ ಫೋನು ಮಾಡಿ ಗಿಡ ಹೆಂಗಿದೆ ಅಂತ ಕೇಳ್ತಿದ್ದೆ. ಚೆನ್ನಾಗದೆ, ಚೆನ್ನಾಗದೆ. ಒಂದು ಸಂಜೆ ಮಾತ್ರ, "ಮಾಡೋದೆಲ್ಲ ಮಾಡಿವ್ನಿ ಕಣೆ, ನೀ ಬಂದ್ ನೋಡು," ಅಂತ ಖುಷಿಯಾಗಿ ಅಂದರು. ನೀರು ಹಾಕಿದ್ದನ್ನ ಇಷ್ಟು ದೊಡ್ಡದಾಗಿ ಹೇಳ್ತಾರಲ್ಲ ಅಂತ ನಗು ಬಂತು ನಂಗೆ.

ಬಸ್ಸಿಳಿದು ಮನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ನಮ್ಮನೆಯವರು ಹೊಲದಿಂದ ಬಂದು ಜಗಲಿಲಿ ಕೂತಿದ್ರು. ಚೀಲ ಕೆಳಗಿಡದೆ ಕುಂಡದ ಹತ್ರ ಹೋದೆ. ಎಲೆ ಇದ್ದವು. ದಂಟು ಇರಲಿಲ್ಲ. ಎಲೆ ಸಂದೀಲಿ ಒಂದು ಮೋಟು, ತುದಿ ಕಂದಾಗಿ ಒಣಗಿತ್ತು.

"ಮೊಗ್ಗೆಲ್ಲಿ?"

"ಯಾವ ಮೊಗ್ಗು? ಓ ಅದಾ. ಮುರಿದೆ."

"ಮುರಿದ್ರಾ?"

"ಊಂ ಮತ್ತೆ. ನೀನಿಲ್ಲ ಅಂತ ಅಂಗೇ ಬುಡಕ್ಕಾಯ್ತದಾ? ಬಲಿಯಕ್ಕೆ ಮುಂಚೇನೆ ಮುರೀಬೇಕು. ಈಗ ನೋಡು, ಎಲೆ ಎಂಗ್ ನಿಗುರ್ಕಂಡವೆ."

"ಅದು ಮೊಗ್ಗು ಅಂತ ಗೊತ್ತಾಗಲಿಲ್ವಾ ನಿಮಗೆ?"

"ಗೊತ್ತಾಗದೆ ಏನು? ಮೊಗ್ಗು ಅಂತ್ಲೇ ಮುರಿದಿದ್ದು."

ಗೋಡೆ ಆ ಕಡೆಯಿಂದ ವಾರಗಿತ್ತಿ ಬಂದು ನಿಂತಳು. "ನಾ ಯೋಳ್ದೆ ಕಣಕ್ಕ. ಭಾವ, ಅದು ಹೂವಿನ ಮೊಗ್ಗು, ಅಕ್ಕ ಬೈತಾಳೆ ಅಂದೆ. ನಿಂಗೇನ್ ಗೊತ್ತು, ಒಳೀಕ್ ಓಗು ಅಂದ್ಬುಟ್ರು." ಅವತ್ತು ಅವಳ ಮುಖದಲ್ಲಿ ನಗು ಇರಲಿಲ್ಲ.

ಮದುವೆ ಆದಾಗಿಂದ ನಾನು ಗಂಡನ್ನ ನೀವು ಅಂತಲೇ ಅಂದೋಳು. ಅವತ್ತು ನನ್ನ ಬಾಯಿಂದ ಬಂದದ್ದು, "ಥೂ, ನಿನ್ನ ಕೈಗಿಷ್ಟು ಬೆಂಕಿ ಹಾಕ!" ಆಮೇಲೆ ಆ 'ನೀವು' ನನ್ನ ಬಾಯಿಗೆ ಮತ್ತೆ ಬಂದಿಲ್ಲ. ಇಲ್ಲಿ ಬರೆಯೋವಾಗ ಊರೋರು ಓದ್ತಾರೆ ಅಂತ ಮರ್ಯಾದೆ ಕೊಟ್ಟಿದೀನಿ, ಅಷ್ಟೆ.

ಅವರು ಬೆಪ್ಪಾಗಿ ನೋಡಿದ್ರು. "ನೀನೇ ತಾನೆ ಯೋಳಿದ್ದು? ಒಗೆಸೊಪ್ಪು ನೋಡ್ಕಂಡಂಗೆ ನೋಡ್ಕ ಅಂತ?"

"ನೀರಾಕು ಅಂತ ಅಂದೆ ಕಣಯ್ಯ. ಕತ್ತು ಮುರಿ ಅಂತ ಅನ್ನಲಿಲ್ಲ!"

"ಒಗೆಸೊಪ್ಪಿಗೆ ಬರೀ ನೀರಾಕ್ತೀವಾ ನಾವು? ಕುಡಿ ಮುರೀದೆ ಬುಟ್ಟರೆ ಎಲೆ ಎಲ್ಲಿ ಬತ್ತದೆ?"

"ಎಲೆ ಯಾರಿಗೆ ಬೇಕಾಗಿತ್ತು?"

"ಎಲೆ ಬ್ಯಾಡ್ವಾ?" ಅವರಿಗೆ ನಿಜವಾಗ್ಲೂ ಆಶ್ಚರ್ಯ. "ಮತ್ ಇನ್ಯಾತಕ್ ಸಾಕಿದ್ದೆ? ಮಚ್ಚೆ ಎಲೆ ಚೆಂದ ಅದೆ, ಅದಕ್ಕೇ ಸಾಕವ್ಳೆ ಅನ್ಕಂಡಿದ್ದೆ ನಾನು."

ಇದು ಕೇಳಿ ಚೀಲ ಕೆಳಗಿಟ್ಟೆ. ಆರು ವರ್ಷ ಒಂದೇ ಜಗಲಿಲಿ ಮುಖ ತೊಳೆದ ಗಂಡಸು. ನಾನು ಏನಕ್ಕೆ ಕಾಯ್ತಿದೀನಿ ಅಂತ ಒಂದು ದಿನ ಕೇಳಲಿಲ್ಲ. ವಾರಗಿತ್ತಿಗೆ ಗೊತ್ತಿತ್ತು, ತಮಾಷೆಗಾದರೂ ಹೂ ಯಾವಾಗ ಅಂತ ಕೇಳ್ತಿದ್ದಳು. ಇವರು ತಾವು ಎಲೆಗೆ ಕಾಯೋರು, ಅದಕ್ಕೆ ಹೆಂಡ್ತಿಯೂ ಎಲೆಗೇ ಕಾಯ್ತಾಳೆ ಅಂತ ತಿಳ್ಕೊಂಡು ಸುಖವಾಗಿದ್ದರು.

ಅಷ್ಟಕ್ಕೇ ಮುಗೀಲಿಲ್ಲ. "ಈಗ್ಲೇ ಕೂಗಾಡ್ಬೇಡ, ಇನ್ನೂ ಕೆಲ್ಸ ಪೂರ್ತಿ ಆಗಿಲ್ಲ," ಅಂದರು. "ಎಣ್ಣೆ ಬುಡೋದು ಒಂದ್ ಬಾಕಿ ಅದೆ. ಬುಡದಲ್ಲಿ ಆಗ್ಲೇ ಮರಿ ಒಡೆದದೆ, ನೋಡು. ಹೊಲದಲ್ಲಿ ಬುಟ್ಟು ಮಿಕ್ಕಿದ್ದು ತಂದಿವ್ನಿ. ಸಾಯಂಕಾಲ ಎರಡ್ ತೊಟ್ಟು ಬುಟ್ರೆ ಸುಟ್ಟೋಯ್ತದೆ."

ಬಗ್ಗಿ ನೋಡಿದೆ. ತೊಗಟೆ ಚೂರಿನ ಮಧ್ಯ ಉಗುರಿನಷ್ಟು ಹಸುರು ಮೊಳಕೆ. ನಾನು ಹೋಗೋವಾಗ ಇರಲಿಲ್ಲ. ಪಕ್ಕದಲ್ಲೇ ಜಗಲಿ ಮೇಲೆ ಎಣ್ಣೆ ಬಾಟಲಿ, ಮುಚ್ಚಳಕ್ಕೆ ತೂತು ಮಾಡಿದ್ದು. ಒಂದು ಬಸ್ಸು ತಪ್ಪಿಸ್ಕೊಂಡಿದ್ದರೆ ಅದೂ ಹೋಗಿರೋದು.

ಬಾಟಲಿ ಎತ್ಕೊಂಡು ಹೋಗಿ ಬಚ್ಚಲಿಗೆ ಸುರಿದೆ.

"ಏ ಇವಳೇ! ಇನ್ನೆರಡ್ ಸಾಲಿಗಾಗೋ ಎಣ್ಣೆ ಕಣೆ ಅದು! ತಲೆ ಕೆಟ್ಟದಾ ನಿಂಗೆ?"

"ಕೆಟ್ಟದೆ. ನಿನ್ನ ಸಾಲೆಲ್ಲ ಹೂ ಬಿಟ್ಟು ಹಾಳಾಗಿ ಹೋಗಲಿ."

ಹೊಗೆಸೊಪ್ಪು ಬೆಳೆಯೋನಿಗೆ ಇದಕ್ಕಿಂತ ದೊಡ್ಡ ಶಾಪ ಇಲ್ಲ. ಅವರು ಎದ್ದು, ಊಟ ಬಿಟ್ಟು, ಟವಲು ಕೊಡವಿ ಹೊಲಕ್ಕೆ ಹೋದರು. ಹೋಗಲಿ ಅಂತ ನಾನೂ ಕರೀಲಿಲ್ಲ.

ಮಗಳು ಹುಣಸೂರಲ್ಲಿದ್ದಾಳೆ. ವಾರಗಿತ್ತಿಯೇ ಅವಳಿಗೆ ಫೋನು ಮಾಡಿ ಹೇಳಿರಬೇಕು. "ಬುಡವ್ವ, ಅಪ್ಪಂಗೆ ಗೊತ್ತಾಗ್ಲಿಲ್ಲ," ಅಂತ ಶುರು ಮಾಡಿದಳು. "ಇಲ್ಲಿ ನರ್ಸರೀಲಿ ಹೂ ಬುಟ್ಟಿರೋ ಆರ್ಕಿಡ್ಡೇ ಸಿಕ್ತದೆ. ಬಣ್ಣ ಬಣ್ಣದ್ದು. ಯಾವ್ದು ಬೇಕೋ ಯೋಳು, ತಂದ್ಕೊಡ್ತೀನಿ."

"ಅದನ್ನ ಆಗ್ಲೇ ಊರೋರೆಲ್ಲ ನೋಡವ್ರೆ ಕಣೆ. ಇಡು ಫೋನು."

ಗೊತ್ತಾಗಲಿಲ್ಲ, ಗೊತ್ತಾಗಲಿಲ್ಲ. ಎಲ್ಲರ ಬಾಯಲ್ಲೂ ಅದೇ. ಗೊತ್ತಿದ್ದೇ ಮುರಿದದ್ದು ಅಂತ ಅವರೇ ಹೇಳ್ತಾ ಇದ್ದಾರಲ್ಲ! ದನ ಬಂದು ತಿಂದಿದ್ರೆ ದನಕ್ಕೆ ಎರಡು ಬಿಗಿದು ಸುಮ್ನಾಗ್ತಿದ್ದೆ. ಬೇಕು ಅಂತ ಕೆಡಿಸಿದ್ರೆ ಬಾಯಿ ತುಂಬ ಬೈದು ಸುಮ್ನಾಗ್ತಿದ್ದೆ. ಒಳ್ಳೇದು ಮಾಡಿದೀನಿ ಅಂತ ಮುಖ ಅರಳಿಸ್ಕೊಂಡು ಕೂತಿರೋನಿಗೆ ಬೈಗುಳ ತಗಲೋದೇ ಇಲ್ಲ, ವಾಪಸ್ಸು ಬಂದು ನಮಗೇ ಹೊಡೀತದೆ. ಪಾಪ ಅಣ್ಣ, ಎಷ್ಟು ಅಕ್ಕರೆಯಿಂದ ನೋಡ್ಕೊಂಡಿದ್ದ ಅಂತ ಮೈದ ಕೂಡ ಬಂದು ನಂಗೇ ಬುದ್ಧಿ ಹೇಳಿದ. ಅಕ್ಕರೆ ಅಂತೆ. ಆ ಅಕ್ಕರೆಯನ್ನ ತಗೊಂಡು ಬ್ಯಾರನ್‌ಗೆ ಹಾಕಿ ಅಂದೆ.

ಸಾಯಂಕಾಲ ದೀಪ ಹಚ್ಚೋ ಹೊತ್ತಿಗೆ ಅವರು ವಾಪಸ್ಸು ಬಂದು, ಕೈಕಾಲು ತೊಳೆದು, ಸ್ವಲ್ಪ ದೂರದಲ್ಲಿ ಕೂತರು.

"ಸಿಟ್ ಬುಡು. ಆ ಮರಿ ಅದಲ್ಲ, ಅದು ಬುಡ್ತದೆ ಹೂವ."

"ಯಾವಾಗ?"

"ಬರೋ ವರ್ಷ."

"ಬರೋ ವರ್ಷ ಅದಕ್ಕೆ ಒಂದೆಲೆ ಬರ್ತದೆ. ಅದು ದೊಡ್ಡದಾಗೋ ಹೊತ್ಗೆ ನಂಗೆಷ್ಟು ವಯಸ್ಸು, ಲೆಕ್ಕ ಹಾಕು."

ಬೆರಳು ಮಡಿಸಿ ಲೆಕ್ಕ ಹಾಕಿದ್ರು. ಹಾಕಿ, ಬೀಡಿ ಹುಡುಕೋಕೆ ಎದ್ದರು. ಇವತ್ತು ನಂಗೆ ಎಪ್ಪತ್ತು. ಆ ಮರಿಗೆ ಐದು ಎಲೆ ಆಗಿದೆ, ಹೂ ಇನ್ನೂ ಬಂದಿಲ್ಲ. ನಾನು ನೋಡ್ತೀನೋ ಇಲ್ಲವೋ ಹೇಳೋಕೆ ಬರಲ್ಲ. ಕಣ್ಣಿಗೆ ನಂಗೂ ಪೊರೆ ಬಂದಿದೆ ಅಂತ ಡಾಕ್ಟರು ಅಂದವ್ರೆ.

ಮುರಿದ ಮೊಗ್ಗು ಎಲ್ಲಿ ಅಂತ ಆ ಸಂಜೆ ಕೇಳಿದೆ. ಜಗಲಿ ಕೆಳಗೆ ಕೈ ತೋರಿಸಿದ್ರು. ಹೊಲದ ಸಾಲಲ್ಲಿ ಎಸೆದಂಗೆ ಅಲ್ಲೇ ಕಾಲ ಬುಡದಲ್ಲಿ ಎಸೆದಿದ್ರು. ಬಟ್ಟೆ ಒಗೆಯೋ ಕಲ್ಲಿನ ನೆರಳಿತ್ತು, ಮಳೆ ಹನೀತಿತ್ತು, ಅದಕ್ಕೆ ಪೂರ್ತಿ ಒಣಗಿರಲಿಲ್ಲ. ತಂದು ಲೋಟದ ಕೆಳಗೆ ಮುಚ್ಚಿಟ್ಟೆ.

ಮಾರನೇ ದಿನ ಬೆಳಿಗ್ಗೆ ಬೆಳಕು ಹರಿದ ಮೇಲೆ ಹೊಸಿಲ ಮೇಲೆ ಕೂತು, ಬ್ಲೇಡು ತಗೊಂಡು ಮೊಗ್ಗನ್ನ ಉದ್ದಕ್ಕೆ ಸೀಳಿದೆ. ಒಳಗೆ ದಳ ಎಲ್ಲ ಮಡಿಸಿಟ್ಟಂಗೆ ಇದ್ದವು. ನಡುವೆ ಭತ್ತದ ಕಾಳಿನಷ್ಟು ಚಪ್ಪಲಿ, ಮೂತಿ ಸಮೇತ. ಎಲ್ಲ ತಿಳಿ ಹಸುರು. ಬಣ್ಣ ಇನ್ನೂ ಬಂದಿರಲಿಲ್ಲ. ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದೆ. ಬಂದಿರಲಿಲ್ಲ. ಕೋಳಿ ಹತ್ರ ಬಂತು, ಅದರ ಮುಂದೆ ಎಸೆದೆ, ತಿಂತು. ಆಮೇಲೆ ನಮ್ಮ ಕೋಣೆಗೆ ಹೋದೆ. ಅಲ್ಲಿ ಪೂರ್ವದ ಕಡೆ ಒಂದೇ ಕಿಟಕಿ, ಸೂರಿನ ನೆರಳಿರೋದು, ಅದರ ಹಲಗೆ ಮೇಲೆ ಅವರ ಕನ್ನಡಿ, ಶೇವಿಂಗ್ ಬ್ರಷ್ಷು, ರೇಡಿಯೋ, ಬೀಡಿ ಕಟ್ಟು. ಎಲ್ಲ ಬಾಚಿ ಜಗಲಿಗೆ ತಂದು ಸುರಿದೆ. ಕುಂಡ ಒಳಗೆ ತಗೊಂಡು ಹೋಗಿ ಹಲಗೆ ಮೇಲಿಟ್ಟು, ಬುಡಕ್ಕೆ ಒಂದು ಸೌಟು ನೀರು ಹಾಕಿ, ಕೋಣೆಗೆ ಬೀಗ ಜಡಿದು, ಬೀಗದ ಕೈನ ಸೆರಗಿಗೆ ಗಂಟು ಹಾಕ್ಕೊಂಡು ಕುಡಿ ಮುರಿಯೋಕೆ ಹೊಲಕ್ಕೆ ಹೋದೆ.